ಕೈ ತಪ್ಪಿದರೂ ಹದ ತಪ್ಪದ ಬಿಯರ್: ಲಾಲ್‌ಬ್ರೂ ವೊಸ್ ಕ್ವೈಕ್ ಯೀಸ್ಟ್ ವಿಮರ್ಶೆ

ಹನ್ನೊಂದು ಗ್ರಾಮಿನ ಪುಟ್ಟ ಪೊಟ್ಟಣ. ಕತ್ತರಿಸಿದರೆ ಒಳಗೆ ತಿಳಿಕಂದು ಬಣ್ಣದ ಸಣ್ಣ ಸಣ್ಣ ಕಾಳು. ಬ್ರೆಡ್ಡಿಗೆ ಹಾಕುವ ಒಣ ಯೀಸ್ಟಿಗೂ ಇದಕ್ಕೂ ಕಣ್ಣಿಗೆ ವ್ಯತ್ಯಾಸವೇ ಕಾಣುವುದಿಲ್ಲ. ಆದರೆ 38 ಡಿಗ್ರಿ ಸೆಲ್ಸಿಯಸ್ ಬಿಸಿ ಇರುವ ವರ್ಟ್ ಮೇಲೆ, ಅಂದರೆ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ನೆನೆಸಿ ಬಸಿದು ಕುದಿಸಿದ ಸಿಹಿನೀರಿನ ಮೇಲೆ, ಇದನ್ನು ಉದುರಿಸಿ ಮುಚ್ಚಳ ಹಾಕಿದರೆ ಕೆಲವೇ ಗಂಟೆಗಳಲ್ಲಿ ಏರ್‌ಲಾಕ್ (ಅನಿಲವನ್ನು ಹೊರಬಿಟ್ಟು ಗಾಳಿಯನ್ನು ತಡೆಯುವ, ನೀರು ತುಂಬಿದ ಪುಟ್ಟ ಕವಾಟ) ಗುಳುಗುಳು ಎನ್ನತೊಡಗುತ್ತದೆ. ಎರಡು ಮೂರು ದಿನಕ್ಕೆ ಹುದುಗುವಿಕೆ ಮುಗಿಯುತ್ತದೆ. ಏಲ್ ಎಂಬ ಬಗೆಯ ಬಿಯರಿಗೆ ಬಳಸುವ ಮಾಮೂಲಿ ಯೀಸ್ಟನ್ನು ಆ ಬಿಸಿಗೆ ಹಾಕಿದರೆ ಬಿಯರ್ ಕೆಟ್ಟಿತು ಎಂದೇ ಲೆಕ್ಕ. ಇದಕ್ಕೆ ಅದೇ ಸರಿಯಾದ ಹದ.

ಮನೆಯಲ್ಲಿ ಬಿಯರ್ ಮಾಡುವವರ ಮಧ್ಯೆ ಈ ಯೀಸ್ಟಿಗೆ "ಏನು ಎಡವಟ್ಟಾದರೂ ಕಾಪಾಡುತ್ತದೆ" ಎಂಬ ಹೆಸರು ಬಂದಿದೆ. ಆ ಮಾತು ಅರ್ಧ ನಿಜ. ಬಿಸಿಯ ಲೆಕ್ಕದಲ್ಲಿ ಆಗುವ ತಪ್ಪುಗಳನ್ನು ಇದು ನಿಜವಾಗಿಯೂ ನುಂಗಿಕೊಳ್ಳುತ್ತದೆ. ಮಾಲ್ಟ್‌ನಲ್ಲಿ, ಬಿಯರಿಗೆ ಕಹಿ ಮತ್ತು ಪರಿಮಳ ಕೊಡುವ ಹಾಪ್ಸ್ ಹೂಗಳಲ್ಲಿ ಆದ ತಪ್ಪುಗಳನ್ನು ಅಳಿಸುವುದಿಲ್ಲ, ಆದರೆ ಅವುಗಳ ಮೇಲೆ ತನ್ನದೊಂದು ಕೆಟ್ಟ ರುಚಿಯನ್ನು ಹೇರುವುದೂ ಇಲ್ಲ. ಹಾಗಾಗಿ ಅಂಥ ತಪ್ಪು ಎಷ್ಟೋ ಸಲ ಬೇರೆಯೇ ಒಂದು ಒಳ್ಳೆಯ ಬಿಯರ್ ಆಗಿ ನಿಲ್ಲುತ್ತದೆ. ಶುಚಿತ್ವ ಮತ್ತು ನೊರೆ ಬರಲೆಂದು ಬಾಟಲಿಗೆ ಹಾಕುವ ಸಕ್ಕರೆ, ಇವೆರಡರಲ್ಲಿ ತಪ್ಪಿದರೆ ಮಾತ್ರ ಯಾವ ಯೀಸ್ಟೂ ಕೈ ಹಿಡಿಯುವುದಿಲ್ಲ. ಯಾವ ತಪ್ಪು ಎಲ್ಲಿಗೆ ಸೇರಿದ್ದು ಎಂದು ತಿಳಿದಿದ್ದರೆ ಪೊಟ್ಟಣಕ್ಕೆ ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಮೊದಲೇ ಹೇಳಬೇಕಾದ ಮಾತು: ಕರ್ನಾಟಕದಲ್ಲಿ ಪರವಾನಗಿ ಇಲ್ಲದೆ ಮನೆಯಲ್ಲಿ ಬಿಯರ್ ತಯಾರಿಸುವುದು 1965ರ ಅಬಕಾರಿ ಕಾಯ್ದೆಯಂತೆ ಅಪರಾಧ. ಬ್ರಿಟನ್ನಿನಲ್ಲಿ 1963ರಿಂದ ಇದಕ್ಕೆ ಪರವಾನಗಿ ಬೇಕಿಲ್ಲ. ಅಮೆರಿಕದಲ್ಲಿ 1978ರ ಕಾನೂನು ಒಬ್ಬ ವಯಸ್ಕನಿಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಗೆ 200 ಗ್ಯಾಲನ್ ಬಿಯರನ್ನು ತೆರಿಗೆಯಿಲ್ಲದೆ ಮಾಡಿಕೊಳ್ಳಲು ಬಿಟ್ಟಿತು. ರಾಜ್ಯಗಳ ಪೈಕಿ ಕೊನೆಗೆ ಒಪ್ಪಿದವು ಅಲಬಾಮ ಮತ್ತು ಮಿಸಿಸಿಪ್ಪಿ, 2013ರಲ್ಲಿ. ಮಾರಾಟಕ್ಕೆ ಅಲ್ಲಿಯೂ ಅವಕಾಶವಿಲ್ಲ. ಅಂಥ ಊರುಗಳಲ್ಲಿ ನೆಲೆಸಿ ಗ್ಯಾರೇಜಿನಲ್ಲಿ ಇಪ್ಪತ್ತು ಲೀಟರಿನ ಪಾತ್ರೆ ಇಟ್ಟುಕೊಂಡಿರುವ ಕನ್ನಡಿಗರಿಗೆ ಈ ಬರಹ.

ಈ ಯೀಸ್ಟ್ ಎಲ್ಲಿಂದ ಬಂತು ಎನ್ನುವುದು ನಮ್ಮವರಿಗೆ ಬೇಗ ಅರ್ಥವಾಗುತ್ತದೆ. ಮನೆಯಲ್ಲಿ ಮೊಸರು ಮುಗಿದರೆ ಪಕ್ಕದ ಮನೆಯಿಂದ ಒಂದು ಚಮಚ ಹೆಪ್ಪು ತರುತ್ತೇವಲ್ಲ, ಪಶ್ಚಿಮ ನಾರ್ವೆಯ ಹಳ್ಳಿಗಳಲ್ಲಿ ಬಿಯರ್ ಯೀಸ್ಟ್ ಹಾಗೆಯೇ ಮನೆಯಿಂದ ಮನೆಗೆ ಹೋಗುತ್ತಿತ್ತು. ಕ್ವೈಕ್ ಎನ್ನುವುದು ಅಲ್ಲಿನ ಕೆಲವು ಕಡೆಯ ಆಡುಮಾತಿನಲ್ಲಿ ಯೀಸ್ಟಿನ ಹೆಸರು. ಮರದ ತುಂಡುಗಳನ್ನು ಒಂದಕ್ಕೊಂದು ಹೆಣೆದು ಮಾಡಿದ ಬಳೆಯನ್ನು ಹುದುಗುವ ಬಿಯರಿನಲ್ಲಿ ಅದ್ದಿ, ಒಣಗಿಸಿ, ಗೋಡೆಗೆ ನೇತುಹಾಕಿ ಮುಂದಿನ ಸಲಕ್ಕೆ ಉಳಿಸಿಕೊಳ್ಳುತ್ತಿದ್ದರು. ವೊಸ್ ಎಂಬ ಊರಿನಲ್ಲಿ ಸಿಗ್‌ಮುಂಡ್ ಯೆರ್ನೆಸ್ ಎಂಬವರು 1980ರ ದಶಕದಿಂದ ಹಳೆಯ ಪದ್ಧತಿಯಲ್ಲೇ ಕಾಪಾಡಿಕೊಂಡು ಬಂದ ಹೆಪ್ಪಿನಿಂದ ಈ ತಳಿಯನ್ನು ಪಡೆದು ಕೆನಡಾದ ಲಾಲ್ಮಾಂಡ್ ಕಂಪನಿ ಒಣಗಿಸಿ ಲಾಲ್‌ಬ್ರೂ ಹೆಸರಿನಲ್ಲಿ ಮಾರುತ್ತದೆ. ರೈತರ ಮನೆಯ ಕ್ವೈಕ್‌ನಲ್ಲಿ ಸಾಮಾನ್ಯವಾಗಿ ಹಲವು ತಳಿಗಳು ಕೂಡಿರುತ್ತವೆ. ಪೊಟ್ಟಣದಲ್ಲಿ ಇರುವುದು ಒಂದೇ ತಳಿ. ಹಳ್ಳಿಯ ಆ ಪೂರ್ತಿ ರುಚಿ ಇದರಲ್ಲಿಲ್ಲ, ನಿಜ. ಆದರೆ ಪ್ರತಿ ಸಲವೂ ಒಂದೇ ಥರ ನಡೆದುಕೊಳ್ಳುತ್ತದೆ, ಅದು ಲಾಭ.

ಕಂಪನಿ ಕೊಡುವ ಅಂಕಿಗಳು ಹೀಗಿವೆ: 25ರಿಂದ 40 ಡಿಗ್ರಿವರೆಗೆ ಹುದುಗುತ್ತದೆ, ಉತ್ತಮ ಹದ 35ರಿಂದ 40. ವರ್ಟ್‌ನಲ್ಲಿರುವ ಸಕ್ಕರೆಯಲ್ಲಿ ಶೇ. 76ರಿಂದ 82ರಷ್ಟನ್ನು ತಿನ್ನುತ್ತದೆ. ಶೇ. 12ರವರೆಗಿನ ಆಲ್ಕೋಹಾಲನ್ನು ತಾಳುತ್ತದೆ. ನೂರು ಲೀಟರಿಗೆ 50ರಿಂದ 100 ಗ್ರಾಂ ಹಾಕಬೇಕು. ಅಂದರೆ 20 ಲೀಟರಿಗೆ ಒಂದು ಪೊಟ್ಟಣ ಕನಿಷ್ಠ ಅಳತೆಗೆ ಸ್ವಲ್ಪ ಮೇಲೆ. ಕೆಲಸ ಮುಗಿದ ಮೇಲೆ ತಳಕ್ಕೆ ಕೂರುವ ಗುಣ ತುಂಬ ಹೆಚ್ಚು. ಗಸಿ ಬಿಗಿಯಾಗಿ ಅಂಟಿಕೊಂಡು ಮೇಲಿನ ಬಿಯರ್ ಬೇಗ ತಿಳಿಯಾಗುತ್ತದೆ. ರುಚಿಯಲ್ಲಿ ಕಿತ್ತಳೆಯ ಎಳೆಯೊಂದು ಇರುತ್ತದೆ. ಹಣ್ಣಿನ ರಸದ್ದಲ್ಲ, ಸಿಪ್ಪೆಯನ್ನು ಉಗುರಿನಿಂದ ಚಿವುಟಿದಾಗ ಚಿಮ್ಮುವ ಎಣ್ಣೆಯ ಪರಿಮಳ. ಕೊಡಗಿನ ಕಿತ್ತಳೆ ಸುಲಿದ ಕೈ ಮೂಸಿ ನೋಡಿದವರಿಗೆ ಬೇರೆ ವಿವರಣೆ ಬೇಕಿಲ್ಲ.

ತಪ್ಪುಗಳ ಮಾತಿಗೆ ಮೊದಲು ಸರಿಯಾದ ಅಳತೆ ಒಂದು ಕಣ್ಣೆದುರು ಇರಲಿ. 20 ಲೀಟರ್ ಪೇಲ್ ಏಲ್‌ಗೆ (ತಿಳಿ ಬಣ್ಣದ ಏಲ್) 4.2 ಕಿಲೋ ಪೇಲ್ ಮಾಲ್ಟ್, 300 ಗ್ರಾಂ ತಿಳಿ ಕ್ರಿಸ್ಟಲ್ ಮಾಲ್ಟ್. ಮಾಲ್ಟ್ 20 ಡಿಗ್ರಿಯಲ್ಲಿದ್ದರೆ 13.5 ಲೀಟರ್ ನೀರನ್ನು 72 ಡಿಗ್ರಿಗೆ ಕಾಯಿಸಿ ಹಾಕಿ. ಎರಡೂ ಕೂಡಿ 66ಕ್ಕೆ ನಿಲ್ಲುತ್ತದೆ. ಮ್ಯಾಶ್ ಎನ್ನುವ ಈ ಮಿಶ್ರಣವನ್ನು ಒಂದು ಗಂಟೆ ಮುಚ್ಚಿಟ್ಟು ಬಸಿದು, ಬಿಸಿನೀರಿನಲ್ಲಿ ಮಾಲ್ಟನ್ನು ತೊಳೆದು, ಒಂದು ಗಂಟೆ ಕುದಿಸಬೇಕು. ಕುದಿ ಶುರುವಾದಾಗ ಶೇ. 10 ಆಲ್ಫಾ ಆಮ್ಲ (ಕಹಿ ಕೊಡುವ ಅಂಶ) ಇರುವ ಸೆಂಟೆನಿಯಲ್ ಹಾಪ್ಸ್ 28 ಗ್ರಾಂ, ಒಲೆ ಆರಿಸಿದಾಗ ಇನ್ನೊಂದು 30 ಗ್ರಾಂ. ಮಾಲ್ಟಿನಿಂದ ಸಕ್ಕರೆ ತೆಗೆಯುವ ದಕ್ಷತೆ ಶೇ. 75ರ ಆಸುಪಾಸು ಇದ್ದರೆ ಗ್ರ್ಯಾವಿಟಿ (ಕರಗಿದ ಸಕ್ಕರೆಗೆ ತಕ್ಕಂತೆ ಏರುವ ಸಾಂದ್ರತೆ, ಬರಿ ನೀರಿಗೆ 1.000) 1.050 ಬರುತ್ತದೆ, ಕಹಿ 32 ಐಬಿಯು (ಬಿಯರಿನ ಕಹಿ ಅಳೆಯುವ ಮಾನ). ವೊಸ್ ಅದನ್ನು 1.011ಕ್ಕೆ ಇಳಿಸಿದರೆ ಆಲ್ಕೋಹಾಲ್ ಶೇ. 5.1.

ಈಗ ಮೊದಲ ತಪ್ಪು, ಎಲ್ಲಕ್ಕಿಂತ ಸಾಮಾನ್ಯವಾದದ್ದು: ವರ್ಟ್ ಸಾಕಷ್ಟು ಆರುವ ಮೊದಲೇ ಯೀಸ್ಟ್ ಹಾಕುವುದು. ಡಲ್ಲಾಸ್, ಹ್ಯೂಸ್ಟನ್, ಫೀನಿಕ್ಸ್ ಕಡೆ ಬೇಸಿಗೆಯಲ್ಲಿ ನಲ್ಲಿಯ ನೀರೇ 28–30 ಡಿಗ್ರಿ ಇರುತ್ತದೆ. ತಾಮ್ರದ ಸುರುಳಿ ಕೊಳವೆಯಲ್ಲಿ ಆ ನೀರು ಹರಿಸಿ ಕುದಿಯುವ ವರ್ಟನ್ನು 20ಕ್ಕೆ ಇಳಿಸುವುದು ಆಗದ ಮಾತು. ಗಂಟೆಗಟ್ಟಲೆ ಕಾದು, ಬೇಸತ್ತು, 33ರಲ್ಲೋ 35ರಲ್ಲೋ ಯೀಸ್ಟ್ ಸುರಿದುಬಿಡುತ್ತಾರೆ. ಅದು ಫರ್ಮೆಂಟಿಸ್ ಕಂಪನಿಯ ಯುಎಸ್-05ನಂಥ ಒಳ್ಳೆಯ ಯೀಸ್ಟೇ ಆಗಿದ್ದರೂ ಆ ಬಿಸಿಯಲ್ಲಿ ಅತಿವೇಗವಾಗಿ ಬೆಳೆದು, ಅಮೈನೋ ಆಮ್ಲಗಳನ್ನು ಒಡೆಯುವ ದಾರಿಯಲ್ಲಿ ಫ್ಯೂಸೆಲ್ ಎಂಬ ಭಾರವಾದ ಆಲ್ಕೋಹಾಲುಗಳನ್ನು ಬಿಡುತ್ತದೆ. ಗಂಟಲಲ್ಲಿ ಉರಿ, ಮೂಗಿಗೆ ಉಗುರುಬಣ್ಣ ತೆಗೆಯುವ ದ್ರಾವಣದ ಘಾಟು. ತಿಂಗಳುಗಟ್ಟಲೆ ಇಟ್ಟರೂ ಪೂರ್ತಿ ಹೋಗುವುದಿಲ್ಲ.

ವೊಸ್ ಹಾಕಿದರೆ ಇದು ತಪ್ಪೇ ಅಲ್ಲ. 38ಕ್ಕೆ ಇಳಿದ ಕೂಡಲೇ ಹಾಕಿ ಮುಚ್ಚಬಹುದು. ನೀರೂ ಉಳಿಯಿತು, ಸಮಯವೂ ಉಳಿಯಿತು. ಬೆಳೆದ ಪರಿಸರವೇ ಹಾಗಿರುವುದರಿಂದ ಅಷ್ಟು ಬಿಸಿಯಲ್ಲೂ ಫ್ಯೂಸೆಲ್ ಕಡಿಮೆ. 30ಕ್ಕೂ 40ಕ್ಕೂ ರುಚಿಯಲ್ಲಿ ಅಂಥ ದೊಡ್ಡ ವ್ಯತ್ಯಾಸ ಇರುವುದಿಲ್ಲ, ಬಿಸಿ ಹೆಚ್ಚಾದಷ್ಟೂ ಕಿತ್ತಳೆ ಸ್ವಲ್ಪ ಮುಂದೆ ಬರುತ್ತದೆ ಅಷ್ಟೇ. ಹಾಗೆಂದು 45 ದಾಟಿದ ವರ್ಟಿಗೆ ಹಾಕಬೇಡಿ, ಅಲ್ಲಿ ಇದೂ ಸಾಯತೊಡಗುತ್ತದೆ. ಥರ್ಮಾಮೀಟರನ್ನು ವರ್ಟ್ ಕಲಕಿದ ಮೇಲೆ ಅದ್ದಿ ನೋಡಿ. ಕಲಕದಿದ್ದರೆ ಸುರುಳಿಯ ಪಕ್ಕ 36, ಪಾತ್ರೆಯ ನಡುವೆ 50 ಇದ್ದೀತು.

ಇದಕ್ಕೆ ಅಂಟಿಕೊಂಡೇ ಬರುವ ಇನ್ನೊಂದು ಎಡವಟ್ಟಿದೆ. ಗ್ರ್ಯಾವಿಟಿ ಅಳೆಯುವ ಹೈಡ್ರೋಮೀಟರ್ ಸಾಮಾನ್ಯವಾಗಿ 20 ಡಿಗ್ರಿಗೆ ಹೊಂದಿಸಿದ್ದು. 38 ಡಿಗ್ರಿಯ ವರ್ಟ್‌ನಲ್ಲಿ ತೇಲಿಬಿಟ್ಟರೆ ನಿಜಕ್ಕಿಂತ ಸುಮಾರು 0.005 ಕಡಿಮೆ ತೋರಿಸುತ್ತದೆ. 1.050 ಇರಬೇಕಾದಲ್ಲಿ 1.045 ಕಂಡು, ಮಾಲ್ಟಿನಿಂದ ಸಕ್ಕರೆ ಸರಿಯಾಗಿ ಇಳಿದಿಲ್ಲ ಎಂದುಕೊಂಡು 270 ಗ್ರಾಂ ಮಾಲ್ಟ್ ಪುಡಿ ಬೆರೆಸುತ್ತಾರೆ. ಇಲ್ಲದ ತಪ್ಪನ್ನು ತಿದ್ದಲು ಹೋಗಿ ಗ್ರ್ಯಾವಿಟಿ 1.055 ಆಗುತ್ತದೆ. ಈ ತಪ್ಪು ಮಾತ್ರ ಬಹುಪಾಲು ಒಳ್ಳೆಯದಕ್ಕೇ ಆಗುತ್ತದೆ: ಅರ್ಧ ಶೇಕಡದಷ್ಟು ಹೆಚ್ಚು ಆಲ್ಕೋಹಾಲ್, ಬಾಯಲ್ಲಿ ಸ್ವಲ್ಪ ಹೆಚ್ಚು ಮೈ (ಗಟ್ಟಿತನ), ಜೊತೆಗೆ ಯೀಸ್ಟಿಗೆ ಹೆಚ್ಚು ಆಹಾರ. ಕ್ವೈಕ್‌ಗೆ ತೆಳು ವರ್ಟಿಗಿಂತ ಗಟ್ಟಿ ವರ್ಟ್ ಇಷ್ಟ.

ಮ್ಯಾಶ್‌ನ ಬಿಸಿ ತಪ್ಪಿದಾಗ ಏನಾಗುತ್ತದೆ ಎನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 72ರ ಬದಲು 78 ಡಿಗ್ರಿ ನೀರು ಬಿತ್ತೆನ್ನಿ. ಮೇಲಿನ ಅಳತೆಗೆ ಮ್ಯಾಶ್ 71ಕ್ಕೆ ನಿಲ್ಲುತ್ತದೆ. ಮಾಲ್ಟಿನಲ್ಲಿ ಪಿಷ್ಟವನ್ನು ಕತ್ತರಿಸುವ ಕಿಣ್ವಗಳು ಮುಖ್ಯವಾಗಿ ಎರಡು. ಬೀಟಾ ಅಮೈಲೇಸ್ ತುದಿಯಿಂದ ಎರಡೆರಡು ಕೊಂಡಿ ಕತ್ತರಿಸಿ ಯೀಸ್ಟ್ ತಿನ್ನುವ ಮಾಲ್ಟೋಸ್ ಕೊಡುತ್ತದೆ. ಅದಕ್ಕೆ 60–65 ಡಿಗ್ರಿ ಹಿತ, 71ರಲ್ಲಿ ಕೆಲವೇ ನಿಮಿಷಗಳಲ್ಲಿ ಕೈಚೆಲ್ಲುತ್ತದೆ. ಆಲ್ಫಾ ಅಮೈಲೇಸ್ ನಡುನಡುವೆ ಎಲ್ಲಿ ಬೇಕೆಂದರಲ್ಲಿ ಕತ್ತರಿಸುತ್ತದೆ, 70ರ ಮೇಲೂ ದುಡಿಯುತ್ತದೆ. ಅದೊಂದೇ ಉಳಿದರೆ ಯೀಸ್ಟಿಗೆ ತಿನ್ನಲಾಗದ ಡೆಕ್ಸ್ಟ್ರಿನ್ ತುಂಬ ಉಳಿಯುತ್ತದೆ. ಬಿಯರ್ 1.011ರ ಬದಲು 1.018, 1.020ರಲ್ಲಿ ನಿಲ್ಲುತ್ತದೆ, ಆಲ್ಕೋಹಾಲ್ ಶೇ. 4ರ ಸುತ್ತಮುತ್ತ.

ಹಾಕಿದ ಐದು ನಿಮಿಷದೊಳಗೆ ಗೊತ್ತಾದರೆ 20 ಡಿಗ್ರಿಯ ತಣ್ಣೀರು 1.7 ಲೀಟರ್ ಸೇರಿಸಿ ಚೆನ್ನಾಗಿ ಕಲಕಿ, 66ಕ್ಕೆ ಬರುತ್ತದೆ. ತಡವಾಗಿ ಗೊತ್ತಾದರೆ ಬಿಟ್ಟುಬಿಡುವುದೇ ವಾಸಿ. ಹೀಗೆ ಆದ ಬಿಯರನ್ನು ಕೆಟ್ಟದ್ದು ಎಂದು ಚೆಲ್ಲುವವರ ಬಗ್ಗೆ ನಿಜಕ್ಕೂ ಬೇಸರವಾಗುತ್ತದೆ. ಡೆಕ್ಸ್ಟ್ರಿನ್ ಸಕ್ಕರೆಯಷ್ಟು ಸಿಹಿ ಇರುವುದಿಲ್ಲ. ಅದು ಬಾಯಲ್ಲಿ ಮೈ ಕೊಡುತ್ತದೆ. ಕಡಿಮೆ ಆಲ್ಕೋಹಾಲಿನ ಬಿಯರ್ ನೀರುನೀರಾಗದಿರಲಿ ಎಂದು ಬೇಕೆಂದೇ 70ರ ಮೇಲೆ ಮ್ಯಾಶ್ ಮಾಡುವ ಪದ್ಧತಿಯೇ ಇದೆ. ಅದಕ್ಕೆ ವೊಸ್‌ನ ಕಿತ್ತಳೆ ಸೇರಿದರೆ ಊಟದ ಜೊತೆ ಎರಡು ಗ್ಲಾಸು ಕುಡಿದರೂ ತಲೆ ಭಾರವಾಗದ, ಬಾಯಿ ತುಂಬುವ ಬಿಯರ್ ಸಿಗುತ್ತದೆ. ಕುದಿ ಶುರುವಾಗುವ ಮೊದಲೇ ತಪ್ಪು ಗೊತ್ತಾಗಿದ್ದರೆ ಮೊದಲ ಹಾಪ್ಸನ್ನು 28 ಗ್ರಾಮಿನಿಂದ ಇಳಿಸಬೇಡಿ. ಆಲ್ಕೋಹಾಲ್ ಕಡಿಮೆಯೆಂದು ಕಹಿಯನ್ನೂ ಕಡಿಮೆ ಮಾಡಿದರೆ ಬಿಯರ್ ಸಪ್ಪೆಯಾಗಿ ನಾಲಿಗೆಗೆ ಅಂಟುತ್ತದೆ.

ಇಲ್ಲಿ ಒಂದು ಅನುಮಾನ ಏಳುತ್ತದೆ. 1.019ರಲ್ಲಿ ನಿಂತದ್ದು ಡೆಕ್ಸ್ಟ್ರಿನ್‌ನಿಂದಲೋ, ಯೀಸ್ಟ್ ನಡುವೆ ಕೈಕೊಟ್ಟದ್ದರಿಂದಲೋ? ತಿಳಿಯದೆ ಬಾಟಲಿಗೆ ತುಂಬಿದರೆ ಅಪಾಯ. ಪರೀಕ್ಷೆ ಸುಲಭ. 200 ಮಿಲಿ ಬಿಯರನ್ನು ಶುಚಿಯಾದ ಜಾಡಿಗೆ ತೆಗೆದು, ಹೊಸ ಒಣ ಯೀಸ್ಟ್ ಒಂದು ಚಿಟಿಕೆ ಹಾಕಿ, ಬೆಚ್ಚಗಿನ ಜಾಗದಲ್ಲಿ ಎರಡು ದಿನ ಇಡಿ, ಆಗಾಗ ಅಲುಗಿಸಿ. ಹೈಡ್ರೋಮೀಟರ್ ಅಲ್ಲೇ ನಿಂತಿದ್ದರೆ ಬಿಯರ್ ಮುಗಿದಿದೆ. ಇಳಿದರೆ ಹುದುಗುವ ಪಾತ್ರೆಯಲ್ಲಿ ಕೆಲಸ ಬಾಕಿ ಇದೆ.

ಮೊದಲ ಹಾಪ್ಸ್ ಹಾಕುವುದನ್ನೇ ಮರೆತು, ಕುದಿ ಮುಗಿಯಲು ಹತ್ತು ನಿಮಿಷ ಇರುವಾಗ ನೆನಪಾಗುವುದು ಮತ್ತೊಂದು ಎಡವಟ್ಟು. ಆಲ್ಫಾ ಆಮ್ಲ ಕಹಿಯಾಗಬೇಕಾದರೆ ಕುದಿಯಲ್ಲಿ ಹೊತ್ತು ಬೇಕು. ಹಾಪ್ಸ್ ಕಹಿಯನ್ನು ಅಂದಾಜಿಸುವ ಟಿನ್‌ಸೆತ್ ಸೂತ್ರದಂತೆ 1.050 ವರ್ಟ್‌ನಲ್ಲಿ 60 ನಿಮಿಷ ಕುದಿದರೆ ಶೇ. 23ರಷ್ಟು ಬಳಕೆಯಾಗುತ್ತದೆ, ಹತ್ತೇ ನಿಮಿಷಕ್ಕೆ ಶೇ. 8.4. ಅದೇ 28 ಗ್ರಾಂ ಈಗ 32ರ ಬದಲು ಸುಮಾರು 12 ಐಬಿಯು ಮಾತ್ರ ಕೊಡುತ್ತದೆ. ಕಹಿ ಸರಿದೂಗಿಸಲು ಹತ್ತು ನಿಮಿಷದಲ್ಲಿ 77 ಗ್ರಾಂ ಬೇಕಾಗುತ್ತದೆ. ಮನೆಯಲ್ಲಿ ಇದ್ದರೆ ಹಾಕಿಬಿಡಿ, ಹಿಂದೆಮುಂದೆ ನೋಡಬೇಡಿ. ಕುದಿಯಲ್ಲಿ ಹಾರಿಹೋಗಬೇಕಿದ್ದ ಸುಗಂಧ ತೈಲಗಳು ಉಳಿದು, ಕಹಿ ಮೆತ್ತಗಾಗಿ, ಸಿಟ್ರಸ್ ಪರಿಮಳ ಮುಂದೆ ಬರುತ್ತದೆ. ಸೆಂಟೆನಿಯಲ್‌ನ ನಿಂಬೆ, ಹೂವಿನ ವಾಸನೆಗೂ ವೊಸ್‌ನ ಕಿತ್ತಳೆ ಸಿಪ್ಪೆಗೂ ಎಷ್ಟು ಒಗ್ಗುತ್ತದೆ ಎಂದರೆ, ಈ ಯೀಸ್ಟಿಗೆ ಹಾಪ್ಸನ್ನು ತಡವಾಗಿ ಹಾಕುವುದೇ ಸರಿಯಾದ ಕ್ರಮ ಎಂದು ಹೇಳಬೇಕಾಗುತ್ತದೆ. ಮೇಲೆ ಕೊಟ್ಟ ಅಳತೆಗಿಂತ ಈ ತಪ್ಪಿನ ಅಳತೆಯೇ ಉತ್ತಮ. ಮುಂದಿನ ಸಲ ಬೇಕೆಂದೇ ಹೀಗೆ ಮಾಡಿ. ಒಂದು ಎಚ್ಚರ: ಹಾಪ್ಸ್ ಹೆಚ್ಚಾದಷ್ಟೂ ಅದು ಹೀರುವ ವರ್ಟೂ ಹೆಚ್ಚು, ಕೊನೆಗೆ ಅರ್ಧ ಲೀಟರಿನಷ್ಟು ಕಡಿಮೆ ಸಿಗಬಹುದು. ಇನ್ನೊಂದು: ಬಿಸಿ 80 ಡಿಗ್ರಿಗಿಂತ ಮೇಲಿರುವಷ್ಟು ಹೊತ್ತೂ ಹಾಪ್ಸ್ ಕಹಿ ಬಿಡುತ್ತಲೇ ಇರುತ್ತದೆ. ವರ್ಟ್ 38ಕ್ಕಿಳಿದರೆ ಸಾಕು ಎಂಬ ಧೈರ್ಯದಲ್ಲಿ ಸುರುಳಿ ಹಾಕದೆ ಹಾಗೇ ಬಿಟ್ಟರೆ ಲೆಕ್ಕಕ್ಕಿಂತ ಕಹಿ ಏರುತ್ತದೆ. 100ರಿಂದ 80ಕ್ಕೆ ಬೇಗ ಇಳಿಸಿ, ಆಮೇಲೆ ನಿಧಾನವಾದರೂ ನಡೆಯುತ್ತದೆ.

ಕುದಿ ಜೋರಾಗಿ ನೀರು ಹೆಚ್ಚು ಆವಿಯಾಗಿ 17 ಲೀಟರಿಗೆ ಬಂದರೆ ಗಾಬರಿ ಬೇಡ. ಗ್ರ್ಯಾವಿಟಿ 1.060 ಎಂದಾದರೆ ಅದರ ಕೊನೆಯ 60ನ್ನು 17ರಿಂದ ಗುಣಿಸಿ, ಬೇಕಾದ 1.050ರ 50ರಿಂದ ಭಾಗಿಸಿ: 20.4 ಲೀಟರ್. ವರ್ಟ್ ಒಟ್ಟು ಅಷ್ಟಾಗುವವರೆಗೆ ಕುದಿಸಿ ಆರಿಸಿದ ನೀರು ಸೇರಿಸಿದರಾಯಿತು.

ಕ್ರಿಸ್ಟಲ್ ಮಾಲ್ಟಿನ ಚೀಲವೆಂದು ಹುರಿದ ಬಾರ್ಲಿಯ ಚೀಲಕ್ಕೆ ಕೈ ಹಾಕಿದರೆ? 300 ಗ್ರಾಂ ಬಿದ್ದರೂ ಬಿಯರ್ ಕಡುಕಂದು, ಬಹುತೇಕ ಕಪ್ಪು. ಕಿತ್ತಳೆ ಮತ್ತು ಕಾಫಿಯ ಕಹಿ ಕೂಡಿ ಕಿತ್ತಳೆ ಚಾಕೊಲೇಟಿನಂತೆ ಬರುತ್ತದೆ, ಇಷ್ಟಪಡುವವರು ತುಂಬ ಇದ್ದಾರೆ. ನೀರು ಗಡುಸಾಗಿದ್ದರೆ ಚೆನ್ನಾಗಿ ಬರುತ್ತದೆ, ಏಕೆಂದರೆ ನೀರಿನ ಬೈಕಾರ್ಬೊನೇಟ್ ಹುರಿದ ಕಾಳಿನ ಹುಳಿಯನ್ನು ತಡೆಯುತ್ತದೆ. ಮೃದು ನೀರಾದರೆ ಒಗರು ಮತ್ತು ಹುಳಿ ಎದ್ದು ನಿಲ್ಲುತ್ತವೆ. ಒಲೆ ಆರಿಸಿದಾಗ ಹಾಕುವ 30 ಗ್ರಾಂ ಹಾಪ್ಸ್ ಬಿಟ್ಟುಬಿಡಿ. ನಮ್ಮ ತೀರ್ಪು: ಕುಡಿಯಬಹುದಾದ ಬಿಯರ್, ಬೇಕೆಂದು ಮತ್ತೆ ಮಾಡುವಂಥದ್ದಲ್ಲ.

ಇನ್ನು ಈ ಯೀಸ್ಟ್ ಕ್ಷಮಿಸದ ಸಂಗತಿಗಳು. ಮೊದಲನೆಯದು ಚಳಿ. ಬಿಸಿಗೆ ಜಗ್ಗದ ಯೀಸ್ಟ್ ತಣ್ಣಗಾದರೆ ಮುದುಡುತ್ತದೆ. 20 ಲೀಟರ್ ತುಂಬಿದ ಪಾತ್ರೆ ಹುದುಗುವಾಗ ತಾನೇ ಬಿಸಿ ಹುಟ್ಟಿಸುತ್ತದೆ, ಕಂಬಳಿ ಸುತ್ತಿದರೆ ಮೊದಲ ದಿನ ಬೆಚ್ಚಗೇ ಇರುತ್ತದೆ. ನಾಲ್ಕೈದು ಲೀಟರಿನ ಸಣ್ಣ ಜಾಡಿಗೆ ಆ ಶಕ್ತಿ ಇಲ್ಲ. ರಾತ್ರಿ ಕೋಣೆ 18ಕ್ಕೆ ಇಳಿದರೆ ಬೆಳಗಾಗುವಷ್ಟರಲ್ಲಿ ಜಾಡಿಯೂ ಇಳಿದು, ಕೆಲಸ ಅರ್ಧಕ್ಕೆ ನಿಲ್ಲಿಸಿ ಯೀಸ್ಟ್ ತಳ ಸೇರಿಬಿಡುತ್ತದೆ. ಬೇಗ ಕೂರುವ ಗುಣ ಇಲ್ಲಿ ಮುಳುವಾಗುತ್ತದೆ. ಹೀಟ್ ಪ್ಯಾಡ್ ಸುತ್ತಿ 35ಕ್ಕೆ ಏರಿಸಿ, ಮುಚ್ಚಳ ತೆಗೆಯದೆ ಪಾತ್ರೆಯನ್ನು ಮೆಲ್ಲಗೆ ಸುತ್ತಿಸಿ ಗಸಿ ಎಬ್ಬಿಸಿದರೆ ಸಾಮಾನ್ಯವಾಗಿ ಮತ್ತೆ ಹೊರಡುತ್ತದೆ.

ಎರಡನೆಯದು ಹಸಿವು. ಬೇರೆ ಏಲ್ ಯೀಸ್ಟ್‌ಗಳಿಗಿಂತ ಇದಕ್ಕೆ ಸಾರಜನಕ ಹೆಚ್ಚು ಬೇಕು. ಪೂರ್ತಿ ಮಾಲ್ಟಿನ 1.050 ವರ್ಟ್‌ನಲ್ಲಿ ಅದು ಹೇಗೋ ಸಿಗುತ್ತದೆ. 1.040ಕ್ಕಿಂತ ತೆಳುವಾದ ಬಿಯರ್, ಅಥವಾ ಮಾಲ್ಟಿನ ಬದಲು ಅರ್ಧ ಕಿಲೋ ಸಕ್ಕರೆ ಸುರಿದ ಬಿಯರ್ ಆದರೆ ಯೀಸ್ಟ್ ನ್ಯೂಟ್ರಿಯೆಂಟನ್ನು (ಯೀಸ್ಟಿಗೆ ಹಾಕುವ ಪೋಷಕಾಂಶ) ಅದರ ಪೊಟ್ಟಣದಲ್ಲಿ ಹೇಳಿದಷ್ಟು, ಕುದಿಯ ಕೊನೆಯ ಹತ್ತು ನಿಮಿಷದಲ್ಲಿ ಹಾಕಲೇಬೇಕು. ಹಾಕದಿದ್ದರೆ ಹುದುಗುವಿಕೆ ಎಳೆದಾಡುತ್ತದೆ, ಬಿಯರಿಗೆ ಬಯಸದ ಹುಳಿಯೊಂದು ಬರುತ್ತದೆ. ಪೊಟ್ಟಣದ ಮೇಲೆ ಈ ಮಾತನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಬೇಕಿತ್ತು ಎನ್ನುವುದು ನಮ್ಮ ದೂರು.

ಶುಚಿತ್ವದ ಬಗ್ಗೆ ಬಿಗಿಯಾಗಿಯೇ ಹೇಳಬೇಕು. 35–40 ಡಿಗ್ರಿ ಈ ಯೀಸ್ಟಿಗೆ ಎಷ್ಟು ಹಿತವೋ ಹುಳಿ ಹಿಡಿಸುವ ಲ್ಯಾಕ್ಟೋಬ್ಯಾಸಿಲಸ್‌ಗೂ ಅಷ್ಟೇ ಹಿತ. ಹಾಲಿಗೆ ಹೆಪ್ಪು ಹಾಕುವುದೂ ಸುಮಾರು ಅದೇ ಬೆಚ್ಚಗೆಯಲ್ಲಿ ತಾನೆ? ಯೀಸ್ಟ್ ಮೊದಲೇ ಬಿದ್ದರೆ ಅದು ಓಟದಲ್ಲಿ ಗೆಲ್ಲುತ್ತದೆ. 38ರ ವರ್ಟನ್ನು ರಾತ್ರಿಯಿಡೀ ಹಾಗೇ ಬಿಟ್ಟು ಬೆಳಿಗ್ಗೆ ಯೀಸ್ಟ್ ಹಾಕಿದರೆ ಗೆಲ್ಲುವುದು ಬ್ಯಾಕ್ಟೀರಿಯಾ. ಕುದಿ ಮುಗಿದ ಮೇಲೆ ವರ್ಟಿಗೆ ತಾಗುವ ಪ್ರತಿಯೊಂದನ್ನೂ, ನಲ್ಲಿಯ ಒಳಭಾಗವನ್ನೂ ಬಿಡದೆ, ಸ್ಯಾನಿಟೈಸರಿನಲ್ಲಿ ಅದ್ದಿ ತೆಗೆಯಿರಿ.

ಹೆಚ್ಚು ಜನ ಗಮನಿಸದ ಒಂದು ಸಂಗತಿ ಹುದುಗಿ ಮುಗಿದ ಮೇಲೆ ಆಗುತ್ತದೆ. 37 ಡಿಗ್ರಿಯ ಪಾತ್ರೆಯ ಸುತ್ತಿನ ಕಂಬಳಿ ತೆಗೆದು ಕೋಣೆಯಲ್ಲಿ ಇಟ್ಟರೆ ಒಳಗಿನ ಅನಿಲ ಕುಗ್ಗಿ, ಏರ್‌ಲಾಕಿನ ನೀರು ಬುಳಕ್ ಎಂದು ಬಿಯರಿಗೆ ಇಳಿಯುತ್ತದೆ, ಹಿಂದೆಯೇ ಹೊರಗಿನ ಗಾಳಿಯೂ ಹೋಗುತ್ತದೆ. ಏರ್‌ಲಾಕಿನಲ್ಲಿ ಮಾಮೂಲಿ ನೀರಿನ ಬದಲು ವೊಡ್ಕಾ ಹಾಕಿರಿ, ಗೆರೆ ಮೀರಿ ತುಂಬಬೇಡಿ. ಬಿಸಿಯನ್ನು ಒಂದೇ ಸಲ ತೆಗೆಯದೆ ಒಂದು ದಿನದಲ್ಲಿ ಹಂತಹಂತವಾಗಿ ಇಳಿಸಿ. ಏರ್‌ಲಾಕಿನ ಬದಲು ಕೊಳವೆ ಹಾಕಿ ಅದರ ತುದಿಯನ್ನು ಬಕೆಟ್ಟಿನ ಸ್ಯಾನಿಟೈಸರ್ ದ್ರಾವಣದಲ್ಲಿ ಮುಳುಗಿಸಿಟ್ಟವರಿಗೆ ಅಪಾಯ ಇನ್ನೂ ಹೆಚ್ಚು. ಕೊಳವೆ ತುಂಬ ದ್ರಾವಣ ಮೇಲೇರಿ ಬರಬಹುದು.

ಅದೇ ಬಿಸಿ ಬಾಟಲಿಯ ಸಕ್ಕರೆ ಲೆಕ್ಕವನ್ನೂ ಬದಲಿಸುತ್ತದೆ. 20 ಡಿಗ್ರಿಯಲ್ಲಿ ಹುದುಗಿದ ಬಿಯರಿನಲ್ಲಿ ತನ್ನ ಗಾತ್ರದ 0.86 ಪಟ್ಟು ಇಂಗಾಲದ ಡೈಆಕ್ಸೈಡ್ ಮೊದಲೇ ಕರಗಿರುತ್ತದೆ. 37ರಲ್ಲಿ ಹುದುಗಿದ್ದರಲ್ಲಿ ಉಳಿಯುವುದು ಸುಮಾರು 0.55 ಪಟ್ಟು. 2.4 ಪಟ್ಟು ಅನಿಲ ಬೇಕಾದರೆ 20 ಲೀಟರಿಗೆ ಮೊದಲನೆಯದಕ್ಕೆ ಸುಮಾರು 120 ಗ್ರಾಂ ಸಕ್ಕರೆ ಸಾಕು, ವೊಸ್ ಬಿಯರಿಗೆ 140 ಗ್ರಾಂ ಬೇಕು. ಹಳೆಯ ಲೆಕ್ಕದಲ್ಲೇ 120 ಹಾಕಿದವರಿಗೆ 2.1 ಪಟ್ಟು ಸಿಗುತ್ತದೆ: ನೊರೆ ಕಡಿಮೆ, ನಾಲಿಗೆಗೆ ಮೆತ್ತಗೆ, ಇಂಗ್ಲಿಷ್ ಬಿಟರ್ ಎಂಬ ಬಿಯರಿನ ಹಾಗೆ. 71 ಡಿಗ್ರಿಯಲ್ಲಿ ಮ್ಯಾಶ್ ಆದ ಆ ಶೇ. 4ರ ಬಿಯರಿಗಂತೂ ಈ ಮೆದು ನೊರೆಯೇ ಚಂದ. ಸಕ್ಕರೆಯ ತಪ್ಪಿನಲ್ಲಿ ಒಳ್ಳೆಯದಾಗುವುದು ಕಡಿಮೆ ಹಾಕಿದಾಗ ಮಾತ್ರ. ಅಳತೆ ಮರೆತು ಎರಡು ಸಲ ಹಾಕಿದರೆ, ಅಥವಾ ಹುದುಗುವಿಕೆ ಮುಗಿಯುವ ಮೊದಲೇ ತುಂಬಿದರೆ ಗಾಜಿನ ಬಾಟಲಿ ಸಿಡಿಯುತ್ತದೆ, ಕಣ್ಣಿಗೆ ಅಪಾಯ. ಎರಡು ದಿನದಲ್ಲಿ ಮುಗಿಯುತ್ತದೆ ಎಂಬ ಮಾತನ್ನು ನೆಚ್ಚಿಕೊಂಡು ಮೂರನೆಯ ದಿನ ಬಾಟಲಿ ತೆಗೆಯಬೇಡಿ. ಹೈಡ್ರೋಮೀಟರ್ ಮೂರು ದಿನ ಒಂದೇ ಅಂಕಿ ತೋರಿಸಲಿ. ಸಕ್ಕರೆ ಹೆಚ್ಚು ಬಿದ್ದದ್ದು ತುಂಬಿದ ಮೇಲೆ ಗೊತ್ತಾದರೆ ಬಾಟಲಿಗಳನ್ನು ಕೂಡಲೇ ಫ್ರಿಜ್ಜಿಗೆ ಸೇರಿಸಿ, ದಪ್ಪ ಬಟ್ಟೆ ಸುತ್ತಿ, ಕನ್ನಡಕ ಹಾಕಿಕೊಂಡು ಒಂದೊಂದೇ ಮುಚ್ಚಳ ಸಡಿಲಿಸಿ.

ಯಾರು ಕೊಳ್ಳಬಾರದು? ತಣ್ಣಗೆ ಹುದುಗಿಸುವ ಲಾಗರ್ ಬಿಯರ್ ಬೇಕಾದವರು. ಜರ್ಮನ್ ಗೋಧಿ ಬಿಯರಿನ ಲವಂಗದ ಪರಿಮಳ ಬಯಸುವವರು, ಏಕೆಂದರೆ ಆ ಪರಿಮಳ ಹುಟ್ಟಿಸುವ ಗುಣ ಈ ತಳಿಗಿಲ್ಲ. ಕೋಣೆಯನ್ನು ವರ್ಷವಿಡೀ 20 ಡಿಗ್ರಿಯಲ್ಲಿ ಇಡಬಲ್ಲವರಿಗೆ, ಮಾಲ್ಟ್ ಹಾಪ್ಸ್ ಬಿಟ್ಟು ಬೇರೇನೂ ರುಚಿಸಬಾರದು ಎನ್ನುವವರಿಗೆ ಯುಎಸ್-05 ಇದಕ್ಕಿಂತ ಉತ್ತಮ. ತಣ್ಣನೆಯ ಜಾಗವಿಲ್ಲದವರಿಗೆ, ಬೇಸಿಗೆಯಲ್ಲೂ ಬಿಯರ್ ಮಾಡಬೇಕೆನ್ನುವವರಿಗೆ, ಇನ್ನೂ ಕೈ ಪಳಗದ ಹೊಸಬರಿಗೆ ಈಗ ಸಿಗುವ ಒಣ ಯೀಸ್ಟ್‌ಗಳಲ್ಲಿ ಇದನ್ನೇ ಮೊದಲು ಹೇಳುತ್ತೇವೆ.

ಪೊಟ್ಟಣವನ್ನು 4 ಡಿಗ್ರಿಗಿಂತ ತಣ್ಣಗೆ, ಒಣಗಿರುವ ಕಡೆ ಇಡಿ. ಒಮ್ಮೆ ಕತ್ತರಿಸಿದರೆ ಉಳಿದದ್ದನ್ನು ಮೂರು ದಿನದೊಳಗೆ ಬಳಸಿ. ಬಿಯರ್ ತುಂಬಿಕೊಂಡ ಮೇಲೆ ತಳದ ಗಸಿಯನ್ನು ಚೆಲ್ಲಬೇಡಿ. ಎರಡು ಚಮಚದಷ್ಟನ್ನು ಬೇಕಿಂಗ್ ಪೇಪರ್ ಮೇಲೆ ತೆಳುವಾಗಿ ಬಳಿದು, ಮೇಲೆ ಶುಚಿಯಾದ ಬಟ್ಟೆ ಮುಚ್ಚಿ, 30–35 ಡಿಗ್ರಿಯ ಜಾಗದಲ್ಲಿ ಒಂದೆರಡು ದಿನ ಬಿಟ್ಟರೆ ಹಪ್ಪಳದ ಚೂರಿನಂತೆ ಕಳಚಿ ಬರುತ್ತದೆ. ಪುಡಿ ಮಾಡಿ, ಗಾಳಿಯಾಡದ ಕವರಿಗೆ ಹಾಕಿ, ತಾರೀಕು ಮತ್ತು ಯಾವ ಬಿಯರಿನದು ಎಂದು ಬರೆದು ಫ್ರೀಜರಿನಲ್ಲಿಡಿ. ಕಪ್ಪು ಬಿಯರಿನ ಗಸಿಯನ್ನು ತಿಳಿ ಬಿಯರಿಗೆ ಹಾಕಬೇಡಿ, ಬಣ್ಣ ಹತ್ತುತ್ತದೆ. ಹುಳಿಯ ಅನುಮಾನವಿರುವ ಬಿಯರಿನ ಗಸಿಯನ್ನಂತೂ ಎತ್ತಿಡಲೇಬೇಡಿ.